ಅಮಾನತ್ ಎಂಬ ಪದವೂ ಮಂಗಳೂರಿನ ಯಹೂದಿ ವರ್ತಕನೂ

ಹಿರೀಸಾವೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ ಹುಡುಗನೊಬ್ಬ ಕೇಳಿದ: "ಉಸ್ತಾದರೇ, ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು ಎಂದಿರಿ. ಪತ್ರಿಕೆಯಲ್ಲಿ 'ಅಧಿಕಾರಿ ಅಮಾನತು' ಎಂದು ಬರುತ್ತದಲ್ಲ?" ಇಡುಗಂಟು ಎಂಬ ಅರ್ಥದ ಪದವು ಕನ್ನಡದ ಕಚೇರಿಗಳಲ್ಲಿ 'ತಡೆಹಿಡಿದಿಡುವುದು' ಎಂದಾಗಿ ಕೊನೆಗೆ ಶಿಕ್ಷೆಯ ಹೆಸರಾಗಿಬಿಟ್ಟಿತು. ಪಾಪ, ಪದದ ತಪ್ಪೇನೂ ಇಲ್ಲ.

ಅರಬಿಯ ಒಂದೇ ಧಾತುವಿನಿಂದ ಈಮಾನ್, ಅಮೀನ್, ಅಮಾನತ್ ಎಂಬ ಮೂರೂ ಪದಗಳು ಹುಟ್ಟಿವೆ. ವಿಶ್ವಾಸ, ವಿಶ್ವಾಸಾರ್ಹ ವ್ಯಕ್ತಿ, ವಿಶ್ವಾಸದಿಂದ ಒಪ್ಪಿಸಿದ ಸೊತ್ತು. ಹೀಬ್ರೂ ಭಾಷೆಯ 'ಎಮುನಾ' ಇದರ ಸೋದರ ಪದ. ಯಹೂದಿಗಳೂ ಕ್ರೈಸ್ತರೂ ಮುಸ್ಲಿಮರೂ ಪ್ರಾರ್ಥನೆಯ ಕೊನೆಗೆ ಹೇಳುವ ಆಮೀನ್ ಕೂಡ ಅದೇ ಬೇರಿನದು. ಪ್ರವಾದಿ ಮುಹಮ್ಮದರು(ಸ) ಖದೀಜರ(ರ) ಸರಕಿನೊಂದಿಗೆ ಸಿರಿಯಾಕ್ಕೆ ವ್ಯಾಪಾರಕ್ಕೆ ಹೋದ ದಿನಗಳಲ್ಲಿ, ಅಂದರೆ ಪ್ರವಾದಿತ್ವಕ್ಕೆ ಮೊದಲೇ, ಮಕ್ಕಾದ ಜನ ಅವರನ್ನು 'ಅಲ್ ಅಮೀನ್' ಎಂದು ಕರೆಯುತ್ತಿದ್ದರು. 622ರಲ್ಲಿ ಮದೀನಾಕ್ಕೆ ಹೊರಟಾಗ, ತಮ್ಮ ಬಳಿ ಜನರು ಇರಿಸಿದ್ದ ಅಮಾನತ್ತುಗಳನ್ನು ಹಿಂದಿರುಗಿಸಲು ಅಲೀಯವರನ್ನು(ರ) ಮಕ್ಕಾದಲ್ಲೇ ಉಳಿಸಿದ್ದರು. ಈಮಾನ್ ಮಸೀದಿಗೆ, ಅಮಾನತ್ ಅಂಗಡಿಗೆ ಎಂದು ಬೇರ್ಪಡಿಸಿದವರು ನಾವೇ.

ಹಿರೀಸಾವೆಯನ್ನು ಹಾದುಹೋಗುವ ಹೆದ್ದಾರಿ ಮುಟ್ಟುವುದು ಮಂಗಳೂರನ್ನು. ಈ ಸೀಮೆಯಲ್ಲಿ ಹೊಯ್ಸಳ ವಿಷ್ಣುವರ್ಧನನ ಆಳ್ವಿಕೆಯಿದ್ದ ಕಾಲಕ್ಕೆ ಆ ಬಂದರಿನಲ್ಲಿ ಅಬ್ರಹಾಂ ಬೆನ್ ಯಿಜೂ ಎಂಬ ಯಹೂದಿ ವರ್ತಕನಿದ್ದ. ಊರು ಟುನೀಸಿಯಾದ ಮಹದಿಯಾ. ಮೆಣಸು, ಅಡಿಕೆ, ಕಬ್ಬಿಣವನ್ನು ಏಡನ್‌ಗೆ ಕಳುಹಿಸುತ್ತಿದ್ದ. ಅಲ್ಲಿಂದ ಬಂದ ಹಳೆಯ ಕಂಚು, ತಾಮ್ರವನ್ನು ಕರಗಿಸಿ ಹೊಸ ಪಾತ್ರೆ ಮಾಡಿಸುತ್ತಿದ್ದ. ಅವನೂ ಅವನ ಗೆಳೆಯರೂ ಬರೆದದ್ದು ಹೀಬ್ರೂ ಲಿಪಿಯಲ್ಲಿ, ಆದರೆ ಭಾಷೆ ಅರಬಿ. ಆ ಪತ್ರಗಳಲ್ಲಿ ದೇವನ ಹೆಸರು ಅಲ್ಲಾಹ್ ಎಂದೇ ಇದೆ. ಅಲ್ಲಾಹ್ ಎಂದರೆ ಮುಸ್ಲಿಮರ ಪ್ರತ್ಯೇಕ ದೇವರು ಎಂದು ವಾದಿಸುವ ನೆರೆಯವರಿಗೂ, ಕೆಲವೊಮ್ಮೆ ನಮ್ಮವರಿಗೂ, ಇದನ್ನು ಓದಿ ಹೇಳಬೇಕೆನಿಸುತ್ತದೆ.

ಹಡಗು ಮುಳುಗಿದರೆ ಎಲ್ಲವೂ ಹೋಯಿತು; ಮೋಸ ಹೋದರೆ ಕಡಲಾಚೆಗೆ ದೂರು ಕೊಡುವುದು ಯಾರಿಗೆ? ಒಬ್ಬನ ಸರಕನ್ನು ಇನ್ನೊಬ್ಬ ಸಂಬಳವಿಲ್ಲದೆ ಮಾರಿ ಲೆಕ್ಕ ಒಪ್ಪಿಸುತ್ತಿದ್ದ. ಏಲಕ್ಕಿಗೆ ಹಣ ಪಡೆದ ಇಲ್ಲಿಯ ವ್ಯಾಪಾರಿಯೊಬ್ಬ ಮಾಲು ಕೊಡದಿದ್ದಾಗ ಏಡನ್‌ನಿಂದ ಬಂದ ಸಲಹೆ, ಇಲ್ಲಿ ಅವನಿಗೆ ಬಹಿಷ್ಕಾರ ಹಾಕುತ್ತೇವೆಂದು ಹೆದರಿಸು ಎಂಬುದು. ನಂಬಿಕೆ ಕಳೆದುಕೊಂಡವನಿಗೆ ವ್ಯಾಪಾರವೇ ಇಲ್ಲ.

ಆ ಲೋಕದಲ್ಲಿ ಗುಲಾಮಗಿರಿಯೂ ಇತ್ತು, ಅದನ್ನು ಮರೆಮಾಚಬಾರದು. 1132ರ ಅಕ್ಟೋಬರ್ 17ರಂದು ಬೆನ್ ಯಿಜೂ ಮಂಗಳೂರಿನಲ್ಲಿ ಆಶು ಎಂಬ ಗುಲಾಮ ಸ್ತ್ರೀಯನ್ನು ಪತ್ರ ಬರೆದು ಬಿಡುಗಡೆ ಮಾಡಿದ. ಆಕೆಗೆ ಬಂದ ಹೊಸ ಹೆಸರು ಬೆರಾಖಾ. ನಮ್ಮ ಮನೆಗಳ 'ಬರ್ಕತ್' ಅದೇ. ಇನ್ನು ಬೊಮ್ಮ, ಅವನ ಗುಲಾಮ. ಸರಕು, ಹಣ ಹಿಡಿದು ಏಡನ್‌ಗೆ ಹೋಗಿಬರುತ್ತಿದ್ದ. ಏಡನ್‌ನ ಗೆಳೆಯನೊಬ್ಬ ಮುಂದೆ ಅವನಿಗೆ 'ಶೈಖ್ ಬೊಮ್ಮ' ಎಂದು ಸಲಾಮ್ ಬರೆಯತೊಡಗಿದ.

ಇದೆಲ್ಲ ನಮಗೆ ದೊರಕಿದ್ದು ಕೈರೋದ ಹಳೆಯ ಯಹೂದಿ ಆರಾಧನಾಲಯದ ಗೆನಿಜಾ ಕೋಣೆಯಿಂದ. ದೇವನ ಹೆಸರಿರುವ ಕಾಗದವನ್ನು ಎಸೆಯಬಾರದೆಂದು ಅವರು ಹಳೆಯ ಬರಹಗಳನ್ನು ಅಲ್ಲಿ ಹಾಕಿಡುತ್ತಿದ್ದರು. ಮೆಣಸಿನ ಲೆಕ್ಕವೂ ಅದರೊಡನೆ ಉಳಿಯಿತು. ನಮ್ಮ ಮದರಸದ ಅಟ್ಟದ ಮೇಲೂ ಹರಿದ ಮುಸ್‌ಹಫ್ ಪುಟಗಳ ಚೀಲವೊಂದಿದೆ. ಹುಡುಗ ಅದನ್ನು ಕೆಳಗಿಳಿಸಿ ನೋಡಬಹುದೇ ಎಂದು ಕೇಳಿದ.