ಸಿಇಟಿಯಲ್ಲಿ 90 ಬಂದ್ರೆ ಯಾವ ಕಾಲೇಜು? ರ‍್ಯಾಂಕ್, ಕಟಾಫ್, ಆಪ್ಷನ್ ಎಂಟ್ರಿಯ ಲೆಕ್ಕ ಇಲ್ಲಿದೆ

ಸಿಇಟಿ ಫಲಿತಾಂಶ ಬಂದ ವಾರ ತಾಲ್ಲೂಕಿನ ಸೈಬರ್ ಸೆಂಟರ್, ಜೆರಾಕ್ಸ್ ಅಂಗಡಿಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ಇಷ್ಟು ಮಾರ್ಕ್ಸ್‌ಗೆ ಸೀಟ್ ಸಿಗುತ್ತಾ?’ ಬರೀ ಸೀಟು ಸಿಗೋದು ಕಷ್ಟವೇನಲ್ಲ, ರಾಜ್ಯದಲ್ಲಿ ಪ್ರತಿ ವರ್ಷ ಎಂಜಿನಿಯರಿಂಗ್ ಸೀಟುಗಳು ಖಾಲಿ ಉಳಿಯುತ್ತವೆ. ಬೇಕಾದ ಕಾಲೇಜಿನಲ್ಲಿ, ಬೇಕಾದ ಬ್ರಾಂಚು, ಮನೆಯವರ ಕೈಗೆಟಕುವ ಫೀಸಿಗೆ ಸಿಗುತ್ತಾ ಅನ್ನೋದೇ ನಿಜವಾದ ಪ್ರಶ್ನೆ. ಅದಕ್ಕೆ ಸಿಇಟಿ ಅಂಕವೊಂದನ್ನೇ ಹಿಡಿದುಕೊಂಡು ಉತ್ತರ ಹೇಳಲಾಗದು.

ಅಂಕದಿಂದ ರ‍್ಯಾಂಕ್‌ಗೆ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಎಂಜಿನಿಯರಿಂಗ್ ರ‍್ಯಾಂಕ್ ಕೊಡುವುದು ಅರ್ಧ ಪಿಯುಸಿ, ಅರ್ಧ ಸಿಇಟಿ ಲೆಕ್ಕದಲ್ಲಿ. ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ 300ಕ್ಕೆ ಬಂದ ಅಂಕದಿಂದ ಶೇ 50, ಅದೇ ಮೂರು ವಿಷಯಗಳ ಸಿಇಟಿಯಲ್ಲಿ 180ಕ್ಕೆ ಬಂದ ಅಂಕದಿಂದ ಶೇ 50. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ.

ಒಂದು ಉದಾಹರಣೆ. ಪಿಯುಸಿಯಲ್ಲಿ 270, ಸಿಇಟಿಯಲ್ಲಿ 90 ತೆಗೆದ ಹುಡುಗಿಗೆ 45 ಮತ್ತು 25 ಸೇರಿ 70. ಪಿಯುಸಿಯಲ್ಲಿ 240 ತೆಗೆದು ಸಿಇಟಿಯಲ್ಲಿ 110 ಮಾಡಿದ ಹುಡುಗನಿಗೆ 40 ಮತ್ತು 30.56 ಸೇರಿ 70.56. ಪಿಯುಸಿಯಲ್ಲಿ 30 ಅಂಕ ಹಿಂದಿದ್ದವನು ರ‍್ಯಾಂಕ್ ಪಟ್ಟಿಯಲ್ಲಿ ಮುಂದೆ ಹೋದ. ಸಿಇಟಿಯ 3 ಅಂಕ ಪಿಯುಸಿಯ 5 ಅಂಕಕ್ಕೆ ಸಮ. ‘ಬೋರ್ಡ್ ಎಕ್ಸಾಂ ಚೆನ್ನಾಗಾಯ್ತು, ಇನ್ನೇನು’ ಅಂತ ಸಿಇಟಿಗೆ ಮುಂಚೆ ಪುಸ್ತಕ ಮುಚ್ಚಿಟ್ಟ ಮಕ್ಕಳು ಹಿಂದೆ ಬೀಳುವುದು ಇಲ್ಲೇ.

ರ‍್ಯಾಂಕ್ ಪಡೆಯುವವರು ರಾಜ್ಯದಲ್ಲಿ ಎರಡು ಲಕ್ಷಕ್ಕೂ ಹೆಚ್ಚು. ಮಧ್ಯದ ಅಂಕಗಳಲ್ಲಿ ಜನ ಕಿಕ್ಕಿರಿದಿರುತ್ತಾರೆ, ಅಲ್ಲಿ ಅರ್ಧ ಅಂಕ ಅಂದರೂ ಸಾವಿರಾರು ರ‍್ಯಾಂಕ್. ಹಾಗಾಗಿ ‘ಹೋದ ವರ್ಷ ಪಕ್ಕದ ಮನೆಯವರ ಮಗನಿಗೆ ಇದೇ ಅಂಕಕ್ಕೆ ಸಿಕ್ಕಿತ್ತು’ ಅನ್ನುವ ಮಾತು ನಂಬಿ ಕೂರುವಂತಿಲ್ಲ. 2024ರಲ್ಲಿ ಪಠ್ಯಕ್ರಮದ ಆಚೆಯವು ಅಂತ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟರು. ಕೋವಿಡ್ ಕಾರಣ 2021ರಲ್ಲಿ ಪಿಯುಸಿ ಅಂಕ ಲೆಕ್ಕಕ್ಕೇ ಬರಲಿಲ್ಲ. ವರ್ಷದಿಂದ ವರ್ಷಕ್ಕೆ ಹೋಲಿಸುವುದಿದ್ದರೆ ರ‍್ಯಾಂಕ್ ಹೋಲಿಸಬೇಕು, ಅಂಕ ಅಲ್ಲ.

ಕಟಾಫ್ ಓದುವುದು ಹೇಗೆ

ಕಟಾಫ್ ಅಂದರೆ ಆ ಕಾಲೇಜಿನ ಆ ಬ್ರಾಂಚಿನಲ್ಲಿ, ಆ ವರ್ಗದಲ್ಲಿ ಕೊನೆಯ ಸೀಟು ಪಡೆದವರ ರ‍್ಯಾಂಕ್. ಮೊದಲೇ ಯಾರೂ ನಿಗದಿ ಮಾಡುವುದಿಲ್ಲ, ಸೀಟು ಹಂಚಿದ ಮೇಲೆ ತಾನಾಗಿ ಗೊತ್ತಾಗುವ ಸಂಖ್ಯೆ ಅದು. ಹಿಂದಿನ ವರ್ಷಗಳ ಪಟ್ಟಿ ಕೆಇಎ ಜಾಲತಾಣದಲ್ಲಿ ಸುತ್ತುವಾರು ಸಿಗುತ್ತದೆ, ದುಡ್ಡು ಕೊಟ್ಟು ಯಾರ ಹತ್ತಿರವೂ ತರಬೇಕಿಲ್ಲ.

ಆ ಪಟ್ಟಿ ನೋಡುವಾಗ ಒಂದೇ ಕಾಲೇಜಿನ ಬೇರೆ ಬೇರೆ ಬ್ರಾಂಚುಗಳನ್ನು ನೋಡಬೇಕು. ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಾಮಾನ್ಯ ವರ್ಗದಲ್ಲಿ ಸಾವಿರದೊಳಗಿನ ರ‍್ಯಾಂಕ್‌ಗೇ ಮುಗಿಯುತ್ತದೆ. ಅದೇ ಆವರಣದಲ್ಲಿ ಸಿವಿಲ್ ಹಲವು ಸಾವಿರ ದಾಟುತ್ತದೆ. ಎರಡು-ಮೂರು ವರ್ಷದ ಪಟ್ಟಿ ಪಕ್ಕಪಕ್ಕ ಇಟ್ಟುಕೊಂಡರೆ ಯಾವ ಬ್ರಾಂಚು ಬಿಗಿಯಾಗುತ್ತಿದೆ, ಯಾವುದು ಸಡಿಲವಾಗುತ್ತಿದೆ ಅನ್ನುವುದು ಕಾಣುತ್ತದೆ. ಸಾಮಾನ್ಯವಾಗಿ ಎರಡನೇ ಸುತ್ತಿನ ಹೊತ್ತಿಗೆ ಕಟಾಫ್ ಸ್ವಲ್ಪ ಸಡಿಲ. ಜೆಇಇ, ಕಾಮೆಡ್‌-ಕೆ, ಮೆಡಿಕಲ್ ಕಡೆ ಹೋದವರ ಸೀಟುಗಳು ವಾಪಸ್ ಬರುತ್ತವೆ.

ಖಾಸಗಿ ಅನುದಾನರಹಿತ ಕಾಲೇಜಿನಲ್ಲಿ ಸಾಮಾನ್ಯವಾಗಿ ಶೇ 45 ಸೀಟು ಮಾತ್ರ ಕೆಇಎ ಮೂಲಕ. ಶೇ 30 ಕಾಮೆಡ್‌-ಕೆಗೆ, ಶೇ 25 ಮ್ಯಾನೇಜ್‌ಮೆಂಟ್ ಮತ್ತು ಎನ್‌ಆರ್‌ಐಗೆ. ಸರ್ಕಾರಿ ಕಾಲೇಜುಗಳ ಲೆಕ್ಕವೇ ಬೇರೆ. ಬೆಂಗಳೂರಿನ ಯುವಿಸಿಇ, ದಾವಣಗೆರೆಯ ಯುಬಿಡಿಟಿ ಅಲ್ಲದೆ ಹಾಸನ, ಹಾವೇರಿ, ರಾಮನಗರ, ಚಾಮರಾಜನಗರ, ರಾಯಚೂರು, ಕಾರವಾರ, ಕುಶಾಲನಗರ, ಕೆ.ಆರ್. ಪೇಟೆ, ಚಳ್ಳಕೆರೆ, ಹೂವಿನಹಡಗಲಿಗಳಲ್ಲೂ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಫೀಸು ಕಡಿಮೆ. ಬೆಂಗಳೂರಿನ ಹೆಸರಿಲ್ಲದ ಖಾಸಗಿ ಕಾಲೇಜಿಗೆ ಹಾಸ್ಟೆಲ್ ಖರ್ಚೂ ಸೇರಿಸಿ ಕಟ್ಟುವ ಬದಲು ಇವುಗಳನ್ನು ಆಪ್ಷನ್ ಪಟ್ಟಿಯಲ್ಲಿ ಮೇಲೆ ಇಡುವುದು ಎಷ್ಟೋ ಮನೆಗಳಿಗೆ ಮೇಲು.

ಗ್ರಾಮೀಣ, ಕನ್ನಡ ಮಾಧ್ಯಮ: ಕೈತಪ್ಪುವ ಲಾಭ

ತಾಲ್ಲೂಕಿನ ಮಕ್ಕಳಿಗೆ ದೊಡ್ಡ ನೆರವು ಆಗುವುದು ಎರಡು ಮೀಸಲಾತಿ. 1ರಿಂದ 10ನೇ ತರಗತಿವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಪ್ರತಿ ವರ್ಗದ ಒಳಗೂ ಇದು ಅನ್ವಯ. ಕಟಾಫ್ ಪಟ್ಟಿಯಲ್ಲಿ ಜಿಎಂಆರ್, ಜಿಎಂಕೆ, 2ಎಆರ್, 2ಎಕೆ ಅಂತೆಲ್ಲ ಕಾಣುವುದು ಇದೇ. ಮಧ್ಯದಲ್ಲಿ ಒಂದು ವರ್ಷ ಪುರಸಭೆ ವ್ಯಾಪ್ತಿಯ ಶಾಲೆಯಲ್ಲಿ ಓದಿದ್ದರೂ ಗ್ರಾಮೀಣ ಮೀಸಲಾತಿಗೆ ಹತ್ತು ವರ್ಷ ತುಂಬದು. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಬೇಕು. ಸಾಮಾನ್ಯ ವರ್ಗದವರು ಗ್ರಾಮೀಣ ಮೀಸಲಾತಿ ಕೇಳುವುದಾದರೆ ಕೆನೆಪದರಕ್ಕೆ ಸೇರಿಲ್ಲ ಅನ್ನುವ ತಹಶೀಲ್ದಾರ್ ಪ್ರಮಾಣಪತ್ರವನ್ನೂ ಕೊಡಬೇಕು. ಇದು ಎಷ್ಟೋ ಮಂದಿಗೆ ಗೊತ್ತಾಗುವುದೇ ಕೊನೇ ಘಳಿಗೆಯಲ್ಲಿ.

ಜಾತಿ-ಆದಾಯ ಪತ್ರದ ಆರ್‌ಡಿ ಸಂಖ್ಯೆಯಲ್ಲಿರುವ ಹೆಸರು ಅಂಕಪಟ್ಟಿಯ ಹೆಸರಿಗೆ ಹೊಂದಬೇಕು. ಇನಿಷಿಯಲ್ ವ್ಯತ್ಯಾಸವಿದ್ದರೆ ನಾಡಕಚೇರಿಯಲ್ಲಿ ಮುಂಚೆಯೇ ಸರಿಪಡಿಸಿಕೊಳ್ಳುವುದು ಒಳ್ಳೆಯದು, ಫಲಿತಾಂಶದ ವಾರ ಅಲ್ಲಿ ಕ್ಯೂ ಕರಗುವುದಿಲ್ಲ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರಿಗೆ 371(ಜೆ) ಅಡಿ ಆ ಭಾಗದ ಕಾಲೇಜುಗಳಲ್ಲಿ ಶೇ 70, ಉಳಿದೆಡೆ ಶೇ 8 ಮೀಸಲು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇದ್ದವರಿಗೆ ಎಸ್‌ಎನ್‌ಕ್ಯೂ ಕೋಟಾ ಇದೆ, ಅದರಲ್ಲಿ ಬೋಧನಾ ಶುಲ್ಕ ಮನ್ನಾ.

ಆಪ್ಷನ್ ಎಂಟ್ರಿ: ಇಲ್ಲೇ ಎಡವುವುದು

ಸೀಟು ಹಂಚುವ ತಂತ್ರಾಂಶ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತ ಬರುತ್ತದೆ. ಎಲ್ಲಿ ಮೊದಲು ಸೀಟು ಸಿಕ್ಕಿತೋ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಸಿಗದೇ ಇರಬಹುದಾದ ಕಾಲೇಜನ್ನು ಮೊದಲು ಹಾಕಿದರೆ ನಷ್ಟ ಏನೂ ಇಲ್ಲ. ನಷ್ಟ ಆಗುವುದು ‘ಇದು ಗ್ಯಾರಂಟಿ ಸಿಗುತ್ತೆ’ ಅಂತ ಸಾಧಾರಣ ಕಾಲೇಜನ್ನು ಮೇಲೆ ಹಾಕಿದಾಗ. ಅದು ಸಿಕ್ಕೇ ಸಿಗುತ್ತದೆ, ಕೆಳಗಿದ್ದ ಒಳ್ಳೆಯ ಕಾಲೇಜಿನತ್ತ ತಂತ್ರಾಂಶ ಹೋಗುವುದೇ ಇಲ್ಲ. ಹತ್ತೇ ಆಪ್ಷನ್ ಕೊಟ್ಟು ಸುಮ್ಮನಾಗುವುದೂ ಸರಿಯಲ್ಲ. ತಮ್ಮ ರ‍್ಯಾಂಕ್‌ಗಿಂತ ಬಿಗಿ ಇರುವವು ಒಂದಷ್ಟು, ಆಸುಪಾಸಿನವು ಹೆಚ್ಚು, ಸಡಿಲ ಇರುವವು ಕೊನೆಗೆ, ಹೀಗೆ ಉದ್ದ ಪಟ್ಟಿ ಇರಲಿ. ಸೇರಲು ಮನಸ್ಸೇ ಇಲ್ಲದ ಕಾಲೇಜನ್ನು ಮಾತ್ರ ಹಾಕಬಾರದು.

ಅಣಕು ಹಂಚಿಕೆ ಬಂದಾಗ ಗಾಬರಿ ಬೇಡ, ಆಮೇಲೂ ಕ್ರಮ ಬದಲಿಸಲು ಅವಕಾಶ ಇರುತ್ತದೆ. ನಿಜವಾದ ಹಂಚಿಕೆ ನಂತರ ನಾಲ್ಕು ಚಾಯ್ಸ್. ಮೊದಲನೆಯದು, ಸಿಕ್ಕ ಸೀಟು ಒಪ್ಪಿ ಸೇರುವುದು. ಎರಡನೆಯದು, ಸೀಟು ಇಟ್ಟುಕೊಂಡೇ ಇನ್ನೂ ಮೇಲಿನ ಆಪ್ಷನ್‌ಗೆ ಕಾಯುವುದು. ಮೇಲಿನದು ಸಿಕ್ಕರೆ ಹಳೆಯದು ರದ್ದು, ‘ಅದೇ ಚೆನ್ನಾಗಿತ್ತು’ ಅಂತ ವಾಪಸ್ ಹೋಗುವಂತಿಲ್ಲ. ಮೂರನೆಯದು ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಕೈಯಲ್ಲಿ ಏನೂ ಉಳಿಯದ ದಾರಿ ಇದು. ನಾಲ್ಕನೆಯದು ಪ್ರಕ್ರಿಯೆಯಿಂದಲೇ ಹೊರಗೆ. ಶುಲ್ಕ, ಠೇವಣಿ ನಿಯಮಗಳು ಆಗಾಗ ಬದಲಾಗುವುದರಿಂದ ಆ ವರ್ಷದ ಕೆಇಎ ಸೂಚನೆ ಓದಿಯೇ ಚಾಯ್ಸ್ ಒತ್ತಬೇಕು.

ಪಾಸ್‌ವರ್ಡ್ ಮತ್ತು ಒಟಿಪಿ ಬೇರೆಯವರ ಕೈಗೆ ಕೊಡಬಾರದು, ಎಂಟ್ರಿ ಮಾಡಿಕೊಡುವವರು ಎಷ್ಟೇ ಪರಿಚಯದವರಾದರೂ ಸರಿ. 2024ರ ಪ್ರವೇಶದಲ್ಲಿ ಸೀಟ್ ಬ್ಲಾಕಿಂಗ್ ನಡೆದಿದೆ ಅಂತ ಕೆಇಎಯೇ ಪೊಲೀಸರಿಗೆ ದೂರು ಕೊಟ್ಟಿತ್ತು. ಮೊಬೈಲ್ ನಂಬರ್ ಮಕ್ಕಳದ್ದು ಅಥವಾ ಅಪ್ಪ-ಅಮ್ಮನದ್ದೇ ಇರಲಿ, ರೀಚಾರ್ಜ್ ಮುಗಿದ ಸಿಮ್ ಬೇಡ. ಕೊನೆಯ ದಿನ ಸರ್ವರ್ ನಿಧಾನ ಆಗುವುದು ಮಾಮೂಲು, ಎರಡು ದಿನ ಮುಂಚೆಯೇ ಎಂಟ್ರಿ ಮುಗಿಸಿ ಒಂದು ಪ್ರಿಂಟ್ ತೆಗೆದಿಟ್ಟುಕೊಳ್ಳಬಹುದು.