ಗಾಲಿಯ ದನಿ

ಕರ್ಣನ ರಥದ ಗಾಲಿ ನೆಲದಲ್ಲಿ ಹುಗಿದ ಪ್ರಸಂಗವನ್ನು ಕುಮಾರವ್ಯಾಸನು ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಹಾಡಿದನೆಂಬುದು ಪ್ರತೀತಿ. ಮಳೆಗಾಲದಲ್ಲಿ ನಮ್ಮ ಎರೆನೆಲದ ಮೇಲೆ ಬಂಡಿ ಹೊಡೆದವರಿಗೆ ಆ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಅವರು ಗಾಲಿಯ ದನಿಯಿಂದಲೇ ಅದರ ರೋಗವನ್ನು ಅರಿಯುತ್ತಿದ್ದರು. ಕಿರುಗುಟ್ಟಿದರೆ ಕೀಲೆಣ್ಣೆ ಬತ್ತಿದೆ. ಲಟಲಟ ಎಂದರೆ ಬೇಸಿಗೆಗೆ ಮರ ಒಣಗಿ ಹಳಿ ಸಡಿಲಾಗಿದೆ. ಚಿಕಿತ್ಸೆಯೂ ಮನೆಯಂಗಳದಲ್ಲಿಯೇ: ಅಚ್ಚಿಗೆ ಎಣ್ಣೆ, ಗಾಲಿಗೆ ನೀರು.

ಮೋಟಾರು ಬಂದಿತು, ದನಿ ಬದಲಾಯಿತು. ಇಂಗ್ಲೆಂಡಿನ ಲ್ಯಾಂಚೆಸ್ಟರನು 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದನು. ತಾಮ್ರದ ಪಟ್ಟಿಗಳು ಲೋಹದ ತಟ್ಟೆಯನ್ನು ಹಿಡಿದಾಗ ಕಿವಿ ಕೊರೆಯುವ ಚೀತ್ಕಾರವೇಳುತ್ತಿತ್ತು. 1907ರಲ್ಲಿ ಹರ್ಬರ್ಟ್ ಫ್ರೂಡನು ಕಲ್ನಾರಿನ ಹೊದಿಕೆ ಕೊಟ್ಟು ಅದನ್ನು ತಗ್ಗಿಸಿದನು. ಆದರೆ ಕಲ್ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ಮುಂದೆ ತಿಳಿಯಿತು. ಸದ್ದಡಗಿಸುವುದೊಂದೇ ಔಷಧವಲ್ಲ.

ಇಂದಿನ ಅನೇಕ ಕಾರುಗಳಲ್ಲಿ ಕೂಗಲೆಂದೇ ಒಂದು ಲೋಹದ ನಾಲಗೆಯನ್ನಿಟ್ಟಿರುತ್ತಾರೆ. ಪ್ಯಾಡು ಸವೆದಾಗ ಅದು ತಟ್ಟೆಗೆ ತಾಗಿ ಕೀಚುಗುಟ್ಟುತ್ತದೆ. ಆ ಕೂಗನ್ನು ಕಡೆಗಣಿಸಿದವನಿಗೆ ಬ್ರೇಕು ಒತ್ತಿದಾಗ ಕರಕರ ಸದ್ದು ಕೇಳಿಸುವುದು. ಅಲ್ಲಿಗೆ ಪ್ಯಾಡು ತೀರಿತು, ಮುಂದೆ ಓಡಿಸಬಾರದು. ವೇಗದೊಡನೆ ಏರುವ ಗುಂಯ್‌ಗುಟ್ಟುವಿಕೆ ಬಹುಮಟ್ಟಿಗೆ ಬೇರಿಂಗಿನದು. ಶಿರಹಟ್ಟಿ, ಮುಂಡರಗಿಯ ಕಡೆ ಖಡಿ ಹಾಸಿದ ದಾರಿ ಹಾಯ್ದ ಮೇಲೆ, ಬ್ರೇಕು ಒತ್ತದಿದ್ದರೂ ಕೆರೆಯುವ ಸದ್ದು ಬಂದರೆ ತಟ್ಟೆಯ ಬಳಿ ಹರಳು ಸಿಕ್ಕಿರಬಹುದು.

ಇವನ್ನೆಲ್ಲ ಅರಿಯಲು ಮೊದಲು ಬೇಕಾದುದು ಹಳೆಯ ಬಂಡಿಯವನ ಕಿವಿ. ನಿರ್ಜನವಾದ ದಾರಿಯಲ್ಲಿ, ಗೋಡೆಯೊಂದರ ಮಗ್ಗುಲಿಗೆ, ಕಿಟಕಿಯ ಗಾಜಿಳಿಸಿ ಮೆಲ್ಲನೆ ಸಾಗಿರಿ. ಬಾನುಲಿಯವರು ಮನ್ನಿಸಲಿ, ಅಷ್ಟು ಹೊತ್ತು ರೇಡಿಯೋವನ್ನೂ ನಿಲ್ಲಿಸಿರಿ.