ನಾಟಕಶಾಲೆಯಲ್ಲಿ ಬೆತ್ತ

ಗಣಿತದ ಪಾಠ ನಡೆಯುವ ಕೋಣೆಯಲ್ಲಿ ಸದ್ದಾದರೆ ಹೆಡ್ಮಾಸ್ತರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಾಟಕದ ಪಾಠ ನಡೆಯುವ ಕೋಣೆಯಲ್ಲಿ ಸದ್ದಾಗದಿದ್ದರೆ ಪಾಠವೇ ನಡೆಯುತ್ತಿಲ್ಲವೆಂದು ಅರ್ಥ. ಅಲ್ಲಿ ಹುಡುಗ ಬೆಂಚು ಬಿಟ್ಟೇಳಬೇಕು, ಕೂಗಬೇಕು, ಅಳಬೇಕು, ಗೆಳೆಯನ ಮೇಲೆ ಕತ್ತಿಯೆತ್ತಬೇಕು. ಬೇರೆಲ್ಲ ಪಾಠಗಳಲ್ಲಿ ಅಪರಾಧವೆನಿಸುವುದು ಇಲ್ಲಿ ಅಭ್ಯಾಸ. ಹಾಗೆಂದು ನಾಟಕಕ್ಕೆ ಶಿಸ್ತು ಬೇಡವೆ? ಬೇರೆ ವಿದ್ಯೆಗಳಿಗಿಂತ ಒಂದು ಪಟ್ಟು ಹೆಚ್ಚಾಗಿಯೇ ಬೇಕು. ಒಬ್ಬ ಹುಡುಗ ಅರೆನಿಮಿಷ ತಡವಾಗಿ ರಂಗಕ್ಕೆ ಬಂದರೆ ಇಪ್ಪತ್ತು ಮಂದಿಯ ಮೂರು ತಿಂಗಳ ಶ್ರಮ ನೀರುಪಾಲಾಗುತ್ತದೆ. ಗದ್ದಲವೂ ಬೇಕು, ಶಿಸ್ತೂ ಬೇಕು ಎಂಬ ಈ ಇಕ್ಕಟ್ಟನ್ನು ಹಿಂದಿನವರು ಹೇಗೆ ನಿಭಾಯಿಸಿದರೆಂದು ನೋಡುವುದು, ಕಾಲೇಜಿನ ಹುಡುಗರಿಂದ ವರ್ಷಕ್ಕೊಂದು ನಾಟಕ ಮಾಡಿಸುವ ನನ್ನಂಥವರಿಗೆ ಬರಿಯ ಕುತೂಹಲದ ಮಾತಲ್ಲ.

ನಮ್ಮ ಪರಂಪರೆಯ ಪ್ರಕಾರ ನಾಟಕದ ಮೊದಲ ತರಗತಿ ಭರತಮುನಿಯದು. ಬ್ರಹ್ಮನಿಂದ ನಾಟ್ಯವೇದವನ್ನು ಪಡೆದು ಅವನು ತನ್ನ ನೂರು ಮಂದಿ ಮಕ್ಕಳಿಗೆ ಕಲಿಸಿದನೆಂದು ನಾಟ್ಯಶಾಸ್ತ್ರದ ಮೊದಲ ಅಧ್ಯಾಯ ಹೇಳುತ್ತದೆ. ನೂರು ಹುಡುಗರ ತರಗತಿಯೆಂದರೆ ಏನೆಂಬುದನ್ನು ಇಂದಿನ ಉಪಾಧ್ಯಾಯರಿಗೆ ವಿವರಿಸಬೇಕಾಗಿಲ್ಲ. ಮೊದಲ ಪ್ರದರ್ಶನ ಇಂದ್ರಧ್ವಜದ ಉತ್ಸವದಲ್ಲಿ; ವಸ್ತು, ದೈತ್ಯರ ಮೇಲೆ ದೇವತೆಗಳ ಗೆಲವು. ನೋಡಲು ಬಂದಿದ್ದ ದೈತ್ಯರಿಗೆ ಇದು ಸಹಿಸಲಿಲ್ಲ. ಅವರು ವಿಘ್ನಗಳನ್ನು ಕೂಡಿಕೊಂಡು ನಟರ ಮಾತು, ಚಲನೆ, ನೆನಪುಗಳನ್ನು ಸ್ತಂಭಗೊಳಿಸಿಬಿಟ್ಟರು. ಇಂದ್ರನಿಗೆ ಕೋಪ ಬಂತು. ಧ್ವಜದ ಕೋಲನ್ನೇ ಎತ್ತಿಕೊಂಡು ಅವರನ್ನು ಜಜ್ಜಿದ. ಆ ಕೋಲಿಗೆ ಜರ್ಜರವೆಂದು ಹೆಸರಾಯಿತು. ನಮ್ಮ ರಂಗಭೂಮಿಯ ಮೊದಲ ಬೆತ್ತ ಅದು.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಇದರ ಸ್ವಾರಸ್ಯವಿರುವುದು ಮುಂದೆ. ಪೆಟ್ಟಿನಿಂದ ಗಲಾಟೆ ನಿಲ್ಲಲಿಲ್ಲ. ಉಳಿದ ವಿಘ್ನಗಳು ಮತ್ತೆ ಬಂದವು. ವಿಶ್ವಕರ್ಮ ಒಂದು ನಾಟ್ಯಗೃಹವನ್ನೇ ಕಟ್ಟಿಕೊಟ್ಟ. ಅನಂತರ ದೇವತೆಗಳು ಬ್ರಹ್ಮನಿಗೆ ಸೂಚಿಸಿದ ಕ್ರಮ ಇದು: ಮೊದಲು ಸಾಮ, ಆಮೇಲೆ ದಾನ, ಭೇದ, ದಂಡ ಎಲ್ಲದರ ಕೊನೆಗೆ. ಬ್ರಹ್ಮ ದೈತ್ಯರನ್ನೇ ಕರೆದು, ಏಕೆ ಕೆಡಿಸುತ್ತೀರಿ ಎಂದು ಕೇಳಿದ. ಈ ಆಟ ನಮ್ಮನ್ನು ಅವಮಾನಿಸುತ್ತದೆ ಎಂದರು ಅವರು. ಇದು ದೇವತೆಗಳದಷ್ಟೇ ಅಲ್ಲ, ನಿಮ್ಮದೂ ಹೌದು, ಮೂರು ಲೋಕದ ಭಾವಗಳೂ ಇದರಲ್ಲಿವೆ ಎಂದು ಬ್ರಹ್ಮ ತಿಳಿಯಹೇಳಿದ. ಗದ್ದಲ ಮಾಡುವವನಿಗೆ ಆಟದಲ್ಲಿ ಪಾಲಿದೆಯೆಂದು ತೋರಿಸುವುದಕ್ಕಿಂತ ಉತ್ತಮವಾದ ಶಿಸ್ತಿನ ಸೂತ್ರವನ್ನು ನಾನಂತೂ ಬೇರೆಲ್ಲೂ ಓದಿಲ್ಲ.

ಭರತನ ಶಾಸ್ತ್ರದಲ್ಲಿ ನಿಯಮಗಳಿಗೆ ಕೊರತೆಯಿಲ್ಲ. ಆದರೆ ಅವುಗಳ ಹಿಂದೆ ಕಾರಣವಿರುತ್ತದೆ. ಮನುಷ್ಯರ ನಾಟ್ಯಗೃಹ 64 ಮೊಳ ಉದ್ದ, 32 ಮೊಳ ಅಗಲ ಇರಬೇಕು. ಅದಕ್ಕಿಂತ ದೊಡ್ಡದಾದರೆ ಮಾತು ಕೇಳಿಸದು, ಮುಖದ ಭಾವ ಕಾಣಿಸದು. ಕಿರೀಟ ಬೀಳುವುದು, ಮಾತು ಮರೆಯುವುದು, ಇನ್ನೊಬ್ಬನ ಮಾತನ್ನು ತಾನಾಡುವುದು ಇವೆಲ್ಲ ದೋಷಗಳು. ಅವನ್ನು ಎಣಿಸುವುದಕ್ಕೆ ಗಣಕನೂ ಬರೆದಿಡುವುದಕ್ಕೆ ಲೇಖಕನೂ ಇರುತ್ತಿದ್ದರು. ಇಷ್ಟೆಲ್ಲ ಇದ್ದೂ ಆ ತರಗತಿ ಒಮ್ಮೆ ಕೆಟ್ಟಿತು. ಗ್ರಂಥದ ಕೊನೆಯ ಭಾಗದಲ್ಲಿ ಅದರ ಕಥೆ ಬರುತ್ತದೆ. ವಿದ್ಯೆಯ ಮದದಿಂದ ಭರತನ ಮಕ್ಕಳು ಋಷಿಗಳನ್ನು ಅಣಕಿಸಿ ಪ್ರಯೋಗ ಮಾಡಿದರು. ಋಷಿಗಳು ಶಪಿಸಿ ಅವರ ಅಂತಸ್ತನ್ನು ಕಳೆದರು. ಮಕ್ಕಳು ಪ್ರಾಣ ಬಿಡುವೆವೆಂದಾಗ ತಂದೆ, ನಾಟ್ಯವನ್ನು ನಾಶವಾಗಲು ಬಿಡಬೇಡಿ, ಶಿಷ್ಯರಿಗೆ ಕಲಿಸಿ ಎಂದು ಸಮಾಧಾನ ಹೇಳಿದ. ನಟನನ್ನು ಸಮಾಜ ಕೀಳಾಗಿ ಕಂಡುದಕ್ಕೆ ಹುಟ್ಟಿದ ಸಮರ್ಥನೆ ಈ ಕಥೆ ಎಂದು ಇಂದು ನಾವು ಓದಬಹುದು. ಆದರೂ ಗುರುವಾದವನು ತಪ್ಪು ಮಾಡಿದ ಶಿಷ್ಯರ ಕೈ ಬಿಡಲಿಲ್ಲವೆಂಬುದು ಗಮನಿಸತಕ್ಕ ಮಾತು.

ಪಶ್ಚಿಮದ ಶಾಲೆಗಳ ಕಡೆ ತಿರುಗಿದರೆ ಬೇರೆಯೇ ಒಂದು ಭಯ ಕಾಣುತ್ತದೆ. 1599ರಲ್ಲಿ ಜೆಸ್ವಿಟ್ ಪಾದ್ರಿಗಳು ತಮ್ಮ ವಿದ್ಯಾಲಯಗಳಿಗೆಲ್ಲ ಒಂದು ಪಠ್ಯಕ್ರಮವನ್ನು ಗೊತ್ತುಮಾಡಿದರು. ನಾಟಕದ ಬಗೆಗೆ ಅದರಲ್ಲಿ ಹೇಳಿರುವುದು ಚಿಕ್ಕದು, ಬಿಗಿಯಾದುದು: ನಾಟಕ ಲ್ಯಾಟಿನ್ನಿನಲ್ಲಿರಬೇಕು, ಅಪರೂಪವಾಗಿರಬೇಕು, ವಸ್ತು ಭಕ್ತಿಯದಾಗಿರಬೇಕು, ಹೆಣ್ಣಿನ ಪಾತ್ರವಾಗಲಿ ಹೆಣ್ಣಿನ ಉಡುಪಾಗಲಿ ಕೂಡದು. ನಾಟಕದ ಶಕ್ತಿಯನ್ನು ಚೆನ್ನಾಗಿ ಬಲ್ಲವರು ಹಾಕಿದ ಬೇಲಿ ಇದು. ನಿಯಮ ಹೀಗಿದ್ದರೂ ಯೂರೋಪಿನ ಶಾಲಾ ರಂಗಭೂಮಿಯಲ್ಲಿ ಅವರದು ದೊಡ್ಡ ಹೆಸರಾಯಿತು.

ನಮ್ಮ ಕರಾವಳಿಯ ಯಕ್ಷಗಾನದಲ್ಲಿ ತರಗತಿಯೂ ಇರಲಿಲ್ಲ, ಬರೆದಿಟ್ಟ ನಿಯಮವೂ ಇರಲಿಲ್ಲ, ಚೌಕಿಯೇ ಶಾಲೆ. ಬಣ್ಣ ಹಚ್ಚುವ ಆ ಜಾಗದಲ್ಲಿ ಗಣಪತಿಯ ಪೂಜೆ. ಚಪ್ಪಲಿ ಮೆಟ್ಟಿ ಒಳಗೆ ಬರುವಂತಿಲ್ಲ. ಯಾವ ವೇಷಧಾರಿ ಎಲ್ಲಿ ಕೂರಬೇಕೆಂಬುದು ಮೊದಲೇ ಗೊತ್ತು. ಹೊಸ ಹುಡುಗ ಮೊದಲು ಕೋಡಂಗಿಯಾಗಿ ಕುಣಿಯಬೇಕು, ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆಯ ಸ್ತ್ರೀವೇಷ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಇದರಲ್ಲೊಂದು ಜಾಣತನವಿದೆ. ಅರಿಯದ ಹುಡುಗನ ತಪ್ಪು ಹೆಜ್ಜೆ ಸಂಜೆಯ ಪೂರ್ವರಂಗದಲ್ಲಿ ಕರಗಿಹೋಗುತ್ತದೆ. ಜನ ಇನ್ನೂ ಚಾಪೆ ಹಾಸಿಕೊಳ್ಳುತ್ತಿರುತ್ತಾರೆ. ಕಲಿಯುವವನಿಗೆ ತಪ್ಪಲು ಎಡೆ ಕೊಟ್ಟು, ಸಭೆಗೆ ಅದರ ಭಾರ ತಟ್ಟದಂತೆ ನೋಡಿಕೊಳ್ಳುವ ಏರ್ಪಾಡು ಇದು.

ವೃತ್ತಿ ನಾಟಕಮಂಡಳಿಗಳ ಕಾಲಕ್ಕೆ ಬಂದರೆ ಶಿಸ್ತಿಗೆ ಇನ್ನೊಂದು ಮುಖ ಬರುತ್ತದೆ. ತಮಿಳುನಾಡಿನಲ್ಲಿ ಶಂಕರದಾಸ ಸ್ವಾಮಿಗಳು 1918ರಲ್ಲಿ ಮಧುರೆಯಲ್ಲಿ ಹುಡುಗರದೇ ಕಂಪೆನಿ ಕಟ್ಟಿದರು. ಇಂಥ ಬಾಲಕರ ಕಂಪೆನಿಗಳು ಅಲ್ಲಿ ಹಲವು ಹುಟ್ಟಿಕೊಂಡವು. ಮುಂದೆ ಚಿತ್ರರಂಗವನ್ನಾಳಿದ ಎಂ. ಜಿ. ರಾಮಚಂದ್ರನ್, ಶಿವಾಜಿ ಗಣೇಶನ್ ಇಬ್ಬರೂ ಅಲ್ಲಿ ಬೆಳೆದವರು. ಕಂಪೆನಿಯ ಮನೆಯೇ ಮನೆ, ವಾಧ್ಯಾರರೇ ತಂದೆತಾಯಿ. ಬೆಳಗಿನ ಸಾಧಕ, ಹಗಲಿನ ತಾಲೀಮು, ರಾತ್ರಿಯ ಆಟ. ಸಂಗೀತ, ಉಚ್ಚಾರ, ಕಂಠಪಾಠಗಳಲ್ಲಿ ಆ ಹುಡುಗರಿಗೆ ಸರಿಸಾಟಿಯಿರಲಿಲ್ಲ. ಆದರೆ ಆ ಶಿಸ್ತನ್ನು ಹಾಡಿ ಹೊಗಳುವವರು ಒಂದು ಮಾತನ್ನು ಮರೆಯಬಾರದು. ಬಡತನ ಆ ಮಕ್ಕಳನ್ನು ಅಲ್ಲಿಗೆ ತಂದಿತ್ತು. ಎರಡು ಹೊತ್ತಿನ ಅನ್ನ ಬೆತ್ತಕ್ಕಿಂತ ಬಲವಾಗಿ ಅವರನ್ನು ಕಟ್ಟಿಹಾಕಿತ್ತು. ಹದಿಮೂರೋ ಹದಿನಾಲ್ಕೋ ವಯಸ್ಸಿಗೆ ಕಂಠ ಒಡೆದರೆ ನಿನ್ನೆಯ ನಾಯಕನಟ ಇಂದು ಪರದೆ ಎಳೆಯುವವನಾಗಬೇಕಾಗಿತ್ತು.

ಈ ಎರಡು ಲೋಕಗಳನ್ನೂ ಕಂಡು ಮೂರನೆಯದೊಂದನ್ನು ಅರಸಿದವರು ಬಿ. ವಿ. ಕಾರಂತರು. ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪೆನಿ ಸೇರಿದರು. ವೀರಣ್ಣನವರೇ ಅವರನ್ನು ಕಾಶಿಗೆ ಓದಲು ಕಳಿಸಿದರು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕಶಾಲೆ. 1959ರಲ್ಲಿ ಸ್ಥಾಪನೆಯಾದ ಆ ಶಾಲೆಗೆ 1962ರಲ್ಲಿ ಇಬ್ರಾಹಿಂ ಅಲ್ಕಾಜಿ ನಿರ್ದೇಶಕರಾಗಿ ಬಂದರು, 1977ರವರೆಗೆ ಇದ್ದರು. ಲಂಡನ್ನಿನಲ್ಲಿ ಕಲಿತು ಬಂದ ಅಲ್ಕಾಜಿಯವರ ಬಿಗಿ ಪ್ರಸಿದ್ಧವಾದುದು: ಗಂಟೆಗೆ ಸರಿಯಾಗಿ ಬರಬೇಕು, ರಾಜನ ಪಾತ್ರದವನೂ ಮೊಳೆ ಹೊಡೆಯಬೇಕು, ದೀಪ ಕಟ್ಟಬೇಕು. ಆದರೆ ಅವರ ಶಿಷ್ಯರು ಮತ್ತೆ ಮತ್ತೆ ನೆನೆಯುವುದು ಬೈಗಳನ್ನಲ್ಲ. ಶೌಚಾಲಯ ಕೊಳಕಾಗಿದ್ದಾಗ ನಿರ್ದೇಶಕರೇ ಪೊರಕೆ ಹಿಡಿದು ತೊಳೆದುದನ್ನು. ಗುರು ತೊಳೆದ ಮೇಲೆ ಶಿಷ್ಯನಿಗೆ ಆಜ್ಞೆ ಬೇಕೆ?

ಕಾರಂತರು ದೆಹಲಿಯ ಒಂದು ಶಾಲೆಯಲ್ಲಿ ಕೆಲವು ವರ್ಷ ಮಕ್ಕಳಿಗೆ ನಾಟಕ ಕಲಿಸಿದರು. ರವೀಂದ್ರರ ಗಿಳಿಯ ಕಥೆಯನ್ನು ಹಿಡಿದು ಅವರು ಕಟ್ಟಿದ ಮಕ್ಕಳ ನಾಟಕ ‘ಪಂಜರಶಾಲೆ’. ಗಿಳಿಗೆ ವಿದ್ಯೆ ಕಲಿಸಬೇಕೆಂದು ರಾಜ ಚಿನ್ನದ ಪಂಜರ ಮಾಡಿಸುತ್ತಾನೆ. ಪಂಡಿತರು ಪುಸ್ತಕದ ಹಾಳೆಗಳನ್ನು ಅದರ ಬಾಯಿಗೆ ತುರುಕುತ್ತಾರೆ. ಹಾಡು ನಿಲ್ಲುತ್ತದೆ, ಕೊನೆಗೆ ಗಿಳಿಯೇ ಸಾಯುತ್ತದೆ. ಶಾಲೆಯ ಶಿಸ್ತಿನ ಮೇಲಿನ ಈ ಕಟುವಾದ ಟೀಕೆಯನ್ನು ಶಾಲೆಯ ಮಕ್ಕಳೇ, ತಾಳ ತಪ್ಪದೆ, ಸಾಲು ಕೆಡದೆ ಆಡಿ ತೋರಿಸುತ್ತಾರೆ! ಬೇಡದ ಶಿಸ್ತನ್ನು ನಗಾಡುವುದಕ್ಕೂ ಬೇಕಾದ ಶಿಸ್ತೊಂದಿದೆಯೆಂಬುದು ಮಕ್ಕಳಿಗೆ ಉಪನ್ಯಾಸವಿಲ್ಲದೆ ಅರ್ಥವಾಗುತ್ತದೆ.

ರವೀಂದ್ರರಿಗೆ ಇದು ಮೊದಲೇ ಹೊಳೆದಿತ್ತು. 1901ರಲ್ಲಿ ಶಾಂತಿನಿಕೇತನದ ಶಾಲೆ ತೆರೆದ ಅವರು 1908ರಲ್ಲಿ ಅಲ್ಲಿನ ಹುಡುಗರಿಗಾಗಿಯೇ ‘ಶಾರದೋತ್ಸವ’ ಬರೆದರು. ರಜೆಯ ದಿನ ಹುಡುಗರೆಲ್ಲ ಕುಣಿಯುತ್ತಿರುವಾಗ ಉಪನಂದನೊಬ್ಬ ಮಾತ್ರ ಗುರುವಿನ ಸಾಲ ತೀರಿಸಲು ಕೂತು ಪೋಥಿ ನಕಲು ಮಾಡುತ್ತಿರುತ್ತಾನೆ. ಅಲ್ಲಿಗೆ ಬಂದ ಸಂನ್ಯಾಸಿ ಅವನನ್ನು ಆಟಕ್ಕೆ ಎಳೆಯುವುದಿಲ್ಲ. ಹುಡುಗರೊಡನೆ ತಾನೂ ಕೂತು ಬರೆಯತೊಡಗುತ್ತಾನೆ. ಕೆಲಸವೇ ಆಟವಾಗುತ್ತದೆ. ನಾಟಕದ ತರಗತಿ ಮಾಡಬೇಕಾದುದೂ ಇದನ್ನೇ ಅಲ್ಲವೆ?

ಈ ಇತಿಹಾಸವನ್ನೆಲ್ಲ ನೆನೆದು ಇಂದಿನ ಶಾಲಾ ವಾರ್ಷಿಕೋತ್ಸವಗಳನ್ನು ನೋಡಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಎಷ್ಟೋ ಕಡೆ ಮಾತುಗಳನ್ನು ಮೊದಲೇ ಧ್ವನಿಮುದ್ರಿಸಿರುತ್ತಾರೆ. ಮಕ್ಕಳು ತುಟಿಯಾಡಿಸಿದರೆ ಸಾಕು. ಮಾತು ಮರೆಯುವ ಭಯವಿಲ್ಲ, ಗದ್ದಲವಿಲ್ಲ, ಕೈಕಾಲುಗಳು ಒಂದೇ ಹದಕ್ಕೆ ಏಳುತ್ತವೆ. ತಂದೆತಾಯಿಗಳು ಮೆಚ್ಚುತ್ತಾರೆ. ಭರತನ ಲೇಖಕನಿಗೆ ಬರೆದುಕೊಳ್ಳಲು ಒಂದು ದೋಷವೂ ಸಿಕ್ಕದು. ಆದರೆ ಅಂದು ವಿಘ್ನಗಳು ನಟರಿಂದ ಕಸಿದದ್ದೇನು? ಮಾತನ್ನೂ ನೆನಪನ್ನೂ ಅಲ್ಲವೆ? ಅದೇ ಕೆಲಸವನ್ನು ಈಗ ನಾವೇ ಅಚ್ಚುಕಟ್ಟಾಗಿ ಮಾಡಿ ಅದಕ್ಕೆ ಶಿಸ್ತೆಂದು ಹೆಸರಿಟ್ಟಿದ್ದೇವೆ.

ನಾಟಕದ ತರಗತಿಗೆ ಉದ್ದನೆಯ ನಿಯಮಾವಳಿ ಬೇಕಿಲ್ಲ. ಇನ್ನೊಬ್ಬ ಆಡುವಾಗ ಕಿವಿಗೊಟ್ಟಿರಬೇಕು. ತಪ್ಪಿದವನನ್ನು ನೋಡಿ ನಗಬಾರದು. ವೇಷ, ಕತ್ತಿ, ಕಿರೀಟಗಳನ್ನು ತೆಗೆದ ಜಾಗದಲ್ಲೇ ಇಡಬೇಕು. ಆಟ ಮುಗಿದ ಮೇಲೆ ರಾಜನೂ ಸೇವಕನೂ ಸೇರಿ ರಂಗ ಗುಡಿಸಬೇಕು, ಮೇಷ್ಟರೂ ಜೊತೆಗಿರಬೇಕು. ಇವುಗಳಲ್ಲಿ ಪ್ರತಿಯೊಂದಕ್ಕೂ ಕಾರಣವುಂಟು. ಕೇಳಿದ ಹುಡುಗನಿಗೆ ಹೇಳಬಹುದು. ಕಾರಣ ಹೇಳಲಾಗದ ನಿಯಮ ಬಂದಾಗ ಮಾತ್ರ ಬೆತ್ತದ ನೆನಪಾಗುತ್ತದೆ. ಮುಂದೆ ಸಭೆಯಲ್ಲಿ, ಸಂಸಾರದಲ್ಲಿ, ಊರಿನ ವ್ಯವಹಾರದಲ್ಲಿ ಈ ಮಕ್ಕಳು ತಮ್ಮ ಸರದಿಗೆ ಕಾದು, ಸರದಿ ಬಂದಾಗ ಅಂಜದೆ ಸ್ವಂತ ದನಿಯಲ್ಲಿ ಮಾತಾಡಬೇಕಾದರೆ ಅದರ ತಾಲೀಮು ಎಲ್ಲೋ ಒಂದು ಕಡೆ ಆಗಿರಬೇಕು. ದಂಡಕ್ಕೆ ಮೊದಲು ಸಾಮ ಎಂದು ದೇವತೆಗಳು ಬ್ರಹ್ಮನಿಗೆ ಹೇಳಿದ್ದು ದೈತ್ಯರ ವಿಷಯದಲ್ಲಿ. ನಮ್ಮೆದುರಿಗಿರುವವರು ಮಕ್ಕಳು.